ಹದಿನೆಂಟು ಕೊಡ ನೀರು

ಕಾಂಕ್ರೀಟಿನ ಒಂದು ಕ್ಯೂಬ್ ಸುಮಾರು ಎಂಟು ಕಿಲೋ ತೂಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಸಮ, ಒಂದು ಗೇಣಿಗಿಂತ ಕಡಿಮೆ. ಸೇತುವೆಗೆ ಹಾಕುವ ಪ್ರತಿ ಮಾಲಿನಿಂದ, ಎಂದರೆ ಕಲಸಿದ ಹಸಿ ಕಾಂಕ್ರೀಟಿನಿಂದ, ಆರು ಕ್ಯೂಬ್ ತುಂಬಿಡಬೇಕು. ಮಾರನೆಯ ದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಇಪ್ಪತ್ತೆಂಟು ದಿನ ಆದ ಮೇಲೆ ಯಂತ್ರದಲ್ಲಿಟ್ಟು ಒಡೆಯಬೇಕು. ಅದು ಎಷ್ಟು ಭಾರಕ್ಕೆ ಒಡೆಯಿತೋ ಅದರ ಮೇಲೆ ಕಂಬದ ಗಟ್ಟಿತನ ತಿಳಿಯುತ್ತದೆ. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಅಂಥ ನೂರಾರು ಕ್ಯೂಬ್‌ಗಳನ್ನು ನಾನೇ ತುಂಬಿ, ಅವುಗಳ ಮೈಮೇಲೆ ಕೆಂಪು ಬಣ್ಣದಲ್ಲಿ ನಾನೇ ನಂಬರು ಬರೆದಿದ್ದೇನೆ. ಅವುಗಳಲ್ಲಿ ಆರರ ಮೇಲೆ ಸುಳ್ಳು ಬರೆದೆ.

ನನ್ನದು ನವಲಗುಂದ ತಾಲೂಕಿನ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿದವನು ಕಾಲುವೆ ಕೆಲಸಕ್ಕೆ ಸೇರಿ, ಟೇಪು ಹಿಡಿಯುವುದರಿಂದ ಶುರು ಮಾಡಿ, ಕೊನೆಗೆ ಗುಣಮಟ್ಟ ನೋಡುವ ವಿಭಾಗದಲ್ಲಿ ಸಹಾಯಕನಾದೆ. ನಮ್ಮೂರಿಗೂ ಆಚೆ ದಂಡೆಯ ಊರಿಗೂ ನಡುವೆ ಒಂದು ದೊಡ್ಡ ಹಳ್ಳ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಮಳೆಗಾಲದಲ್ಲಿ ಎರಡು ದಿನ ಮೂರು ದಿನ ದಾಟಲಾಗುತ್ತಿರಲಿಲ್ಲ. ಆ ಹಳ್ಳಕ್ಕೆ ಸೇತುವೆ ಮಂಜೂರಾದಾಗ, ಊರಿನವನೆಂದು ನನ್ನನ್ನೇ ಅಲ್ಲಿಗೆ ಹಾಕಿದರು. ನನಗೂ ಹೆಮ್ಮೆಯಾಗಿತ್ತು. ಮಗಳನ್ನು ಆಚೆ ಊರಿಗೇ ಕೊಟ್ಟಿದ್ದೆವು.

ಮೇಲಿನ ಅಧಿಕಾರಿ ಕುಂದಗೋಳ ಕಡೆಯ ಹುಡುಗಿ. ಕಾಲೇಜು ಬಿಟ್ಟು ಮೂರೋ ನಾಲ್ಕೋ ವರ್ಷವಾಗಿತ್ತು. ನನ್ನನ್ನು ಕಾಕಾ ಎನ್ನುತ್ತಿದ್ದರು, ನಾನು ಮೇಡಂ ಎನ್ನುತ್ತಿದ್ದೆ. ಅಷ್ಟು ಕಟ್ಟುನಿಟ್ಟಿನ ಎಂಜಿನಿಯರನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅಡಿಪಾಯದ ಗುಂಡಿಯಲ್ಲಿ ಕಪ್ಪು ಎರಿ ಮಣ್ಣು ಒಂದು ಹಿಡಿಯಷ್ಟು ಉಳಿದಿದ್ದರೂ ತೆಗೆಸುತ್ತಿದ್ದರು. ಸರಳು ಕಟ್ಟಿದ ಮೇಲೆ ತಾವೇ ಒಳಗಿಳಿದು ಒಂದೊಂದನ್ನೂ ಬೆರಳಿಟ್ಟು ಎಣಿಸುತ್ತಿದ್ದರು. ಒಂದು ಹಂತ ನೋಡಿ ಸಹಿ ಮಾಡುವ ತನಕ ಮುಂದಿನ ಹಂತ ಇಲ್ಲ. ಗುತ್ತಿಗೆದಾರನ ಜನ ಗೊಣಗಿದರೆ, "ಮುಚ್ಚೂಕಿಂತ ಮೊದಲ ನೋಡಬೇಕ್ರಿ. ಮುಚ್ಚಿದ ಮ್ಯಾಲ ದೇವರಿಗೂ ಕಾಣೂದಿಲ್ಲ," ಎನ್ನುತ್ತಿದ್ದರು.

ಅವರು ನನಗೆ ಒಪ್ಪಿಸಿದ ಕೆಲಸ ಮೂರೇ. ಮಾಲು ತರುವ ಮಿಕ್ಸರ್ ಗಾಡಿ ಎಷ್ಟು ಹೊತ್ತಿಗೆ ಹೊರಟಿದೆ ಎಂದು ಅದರ ಚೀಟಿ ನೋಡುವುದು. ಮಾಲಿನ ಹದ ನೋಡುವುದು. ಕ್ಯೂಬ್ ತುಂಬುವುದು. ಹೊರಟು ಎರಡು ತಾಸು ಮೀರಿದ ಮಾಲು ಕಂಬಕ್ಕೆ ಬೀಳಕೂಡದು. ಮೇಲಿಂದ ನೀರು ಹಾಕಿಸಕೂಡದು. "ಮೀರಿದ್ರ ಚೆಲ್ಲಿಸ್ರಿ ಕಾಕಾ. ಕಂಬ ಅರ್ಧಕ್ಕ ನಿಂತ್ರ ನಿಲ್ಲವಲ್ದ್ಯಾಕ. ಮುಂದ ಹೆಂಗ ಜೋಡಸೂದು ಅನ್ನೂದನ್ನ ನಾ ನೋಡಿಕೊಳ್ತೀನಿ. ನನಗೊಂದು ಫೋನ ಹಚ್ರಿ, ಸಾಕು." ಇದನ್ನು ಅವರು ಒಮ್ಮೆಯಲ್ಲ, ಹತ್ತು ಸಲ ಹೇಳಿದ್ದರು.

ಅವತ್ತು ಅವರಿಗೆ ಧಾರವಾಡದಲ್ಲಿ ಮೀಟಿಂಗ್ ಇತ್ತು. ಯುಗಾದಿ ಕಳೆದ ದಿನಗಳು, ಅಡ್ಡಮಳೆ ಯಾವಾಗ ಬೀಳುತ್ತದೋ ಹೇಳಲಾಗದ ಕಾಲ. ನಡುವಿನ ಕಂಬಕ್ಕೆ ಬೆಳಿಗ್ಗೆ ಮೊದಲ ಗಾಡಿ ಬಂದು ಖಾಲಿಯಾಯಿತು. ಅದು ಗೋಡೆಯಂಥ ಅಗಲ ಕಂಬ. ಒಂದು ಗಾಡಿ ಮಾಲಿಗೆ ಎರಡೂವರೆ ಅಡಿ ಏರುತ್ತದೆ. ಎರಡನೆಯ ಗಾಡಿ ಹೊರಟಿದೆ ಎಂದು ಸುದ್ದಿ ಬಂತು. ಅಷ್ಟರಲ್ಲಿ ಮಳೆ ಹೊಡೆಯಿತು, ಅರ್ಧ ತಾಸು. ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಎರಿ ಮಣ್ಣು ಒಣಗಿದ್ದಾಗ ಕಲ್ಲು, ನೆನೆದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಗಾಡಿ ಹಳ್ಳದಿಂದ ಎರಡು ಹೊಲ ದೂರದಲ್ಲೇ ಹೂತು ನಿಂತಿತು.

ಟ್ರ್ಯಾಕ್ಟರ್ ತಂದರು. ಅದೂ ಜಾರಿತು. ಆಗ ಊರೇ ಬಂತು.

ಮುಂದೆ ನಿಂತವರು ಊರಿನ ಹಿರಿಯರೊಬ್ಬರು, ಎಲ್ಲರೂ ಗೌಡರು ಎನ್ನುತ್ತಿದ್ದೆವು. ಹಿಂದಿನ ಮಳೆಗಾಲದಲ್ಲಿ ಅವರ ತಾಯಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮಣ್ಣು ಮಾಡಬೇಕಾದ ಹೊಲ ಆಚೆ ದಂಡೆಯಲ್ಲಿ. ಹಳ್ಳ ಇಳಿಯುವ ತನಕ ಹೆಣ ಈಚೆ ದಂಡೆಯಲ್ಲಿ ಗಾಡಿಯೊಳಗೆ ಒಂದು ಹಗಲು ಕಾದಿತ್ತು. ಮಗ ಮಳೆಯಲ್ಲಿ ಹೊರಗೇ ನಿಂತಿದ್ದರು. ಅದನ್ನು ನಾವೆಲ್ಲ ಕಣ್ಣಾರೆ ನೋಡಿದವರು.

"ಏ ಬರ್ರಲೇ, ನೋಡಕೋತ ನಿಂದರಬ್ಯಾಡ್ರಿ! ಹಗ್ಗಾ ತರ್ರಿ, ಹತ್ತಿ ಕಟಗಿ ತರ್ರಿ!" ಎಂದು ಗೌಡರು ಕೂಗಿದರು.

ಹತ್ತಿಕಟ್ಟಿಗೆ ಎಂದರೆ ನಮ್ಮಲ್ಲಿ ವರ್ಷದ ಉರುವಲು. ಹೆಂಗಸರು ಮನೆಮನೆಯ ಬಣವೆ ಕಿತ್ತು ಹೊರೆಗಟ್ಟಲೆ ತಂದು ಗಾಲಿಯ ಕೆಳಗೆ ಹಾಸಿದರು. ಗಂಡಸರು ನಲವತ್ತು ಮಂದಿ ಇರಬಹುದು, ಹಗ್ಗ ಹಿಡಿದು ಎಳೆದರು. ಒಬ್ಬ ಬಿದ್ದರೆ ಅವನ ಮೇಲೆ ಇನ್ನೊಬ್ಬ. ಮುಖ ಮೂತಿ ಕಾಣದ ಹಾಗೆ ಕೆಸರು. ನಗು, ಬೈಗುಳ, ಹೋ ಎಂಬ ಕೂಗು. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿತ್ತು. ಗಾಡಿ ಅಂಗುಲ ಅಂಗುಲ ಸರಿದು ಕೊನೆಗೆ ಹಳ್ಳದ ಗಟ್ಟಿ ಗರಸು ನೆಲಕ್ಕೆ ಗಾಲಿ ಊರಿದಾಗ ಜನ ಕುಣಿದರು.

ನಾನು ಚೀಟಿ ನೋಡಿದೆ. ಹೊರಟು ಮೂರು ತಾಸು ದಾಟಿತ್ತು.

ಡ್ರೈವರ್ ಯಮನೂರ ಕಡೆಯ ಮುಸಲ್ಮಾನ, ನನ್ನ ಓರಿಗೆಯವನು. ಕೆಳಗಿಳಿದು ಬಂದು ನನಗೊಬ್ಬನಿಗೇ ಕೇಳುವಂತೆ ಹೇಳಿದ: "ಅಣ್ಣಾ, ಇದು ಸತ್ತ ಮಾಲು. ಡ್ರಮ್ ತಿರಗಸಿ ತಿರಗಸಿ ಇಷ್ಟಾದ್ರೂ ಉಳದೈತಿ. ಚೆಲ್ಲೂದ ಚಲೋ."

ಹದ ನೋಡಲು ತಗಡಿನ ಶಂಕುವಿನಂಥ ಅಚ್ಚಿಗೆ ಮಾಲು ತುಂಬಿ, ಅಚ್ಚು ಮೇಲೆತ್ತಿದೆ. ಸರಿಯಾದ ಮಾಲಾದರೆ ಕುಸಿದು ಹರಡುತ್ತದೆ. ಇದು ಬೆಲ್ಲದ ಪೆಂಟೆಯಂತೆ ನೆಟ್ಟಗೆ ನಿಂತಿತು.

ಫೋನು ನನ್ನ ಕಿಸೆಯಲ್ಲಿತ್ತು. ಸಿಗ್ನಲ್ಲೂ ಇತ್ತು. ಇದನ್ನು ಬರೆಯಲೇಬೇಕು, ಯಾಕೆಂದರೆ ಮುಂದೆ ಬಹಳ ವರ್ಷ ನನಗೆ ನಾನೇ "ಸಿಗ್ನಲ್ ಇರಲಿಲ್ಲ" ಎಂದು ಹೇಳಿಕೊಂಡಿದ್ದೇನೆ. ಯಾರೂ ನನಗೆ ಏನೂ ಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಆ ಸುಲಿದ ಕೈಗಳ ಎದುರಿಗೆ, ಆ ತುಳಿದು ಹೋದ ಉರುವಲಿನ ಎದುರಿಗೆ ನಿಂತು "ಇದನ್ನ ಚೆಲ್ರಿ" ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟೇ. ನಮ್ಮ ಜನ, ನಮ್ಮ ಊರು. ನಾಳೆ ಇವರ ಕಟ್ಟೆಯ ಮೇಲೆ ಕೂರಬೇಕಾದವನು ನಾನು.

ಡ್ರೈವರಿಗೆ ಹೇಳಿದೆ: "ಸ್ವಲ್ಪ ನೀರ ಬಿಡೂಣು. ಸಡ್ಲ ಆಕ್ಕೈತಿ."

ಅವನು ನನ್ನ ಮುಖ ನೋಡಿದ. "ನಿನ್ನ ಮಾತಿನ ಮ್ಯಾಲ ಹಾಕೂದು ಮತ್ತ," ಎಂದ. ಅವನ ಗಾಡಿಯ ಟ್ಯಾಂಕಿನ ನೀರು ಗಾಲಿ ತೊಳೆದು ಮುಗಿದಿತ್ತು. ಹೆಂಗಸರು ಹಳ್ಳದಿಂದ ಸಾಲುಗಟ್ಟಿ ಕೈಯಿಂದ ಕೈಗೆ ಕೊಡ ದಾಟಿಸಿದರು. ಒಬ್ಬಾಕೆ ಚೇಷ್ಟೆ ಮಾಡಿದಳು: "ಯಜ್ಜಾ, ರೊಟ್ಟಿ ಹಿಟ್ಟಿಗೆ ಇಷ್ಟ ನೀರ ಸುರವಿದ್ರ ನಮ್ಮತ್ತಿ ನನ್ನ ಹೊರಗ ಹಾಕ್ತಾಳ ನೋಡು!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಎಣಿಸುತ್ತಿದ್ದೆ. ಹದಿನೆಂಟು ಕೊಡ.

ಮಾಲು ಸರಾಗ ಇಳಿಯಿತು. ಆ ಮಾಲಿನಿಂದ ಕ್ಯೂಬ್ ತುಂಬಲಿಲ್ಲ. ತುಂಬಿದ್ದರೆ ಅವು ನನ್ನ ಹೆಸರು ಹೇಳುತ್ತಿದ್ದವು. ಮಾರನೆಯ ದಿನ ಬಿಸಿಲು ಬಿದ್ದು ದಾರಿ ಒಣಗಿತು, ದಂಡೆಯ ಗೋಡೆಗೆ ಹೊಸ ಮಾಲು ಬಂತು. ಒಳ್ಳೆಯ ಮಾಲು. ಆರರ ಬದಲು ಹನ್ನೆರಡು ಕ್ಯೂಬ್ ತುಂಬಿದೆ. ಆರರ ಮೇಲೆ ದಂಡೆಯ ಗೋಡೆಯ ನಂಬರು, ಇನ್ನಾರರ ಮೇಲೆ ನಡುವಿನ ಕಂಬದ ನಂಬರು, ಹಿಂದಿನ ದಿನದ ತಾರೀಖು. ರಜಿಸ್ಟರಿನಲ್ಲಿ ಗಾಡಿ ಬಂದ ಹೊತ್ತನ್ನೂ ಸುಳ್ಳೇ ಬರೆದೆ, ಒಂದು ಅಕ್ಷರವನ್ನೂ ತಿದ್ದದೆ, ಮೊದಲೇ ಯೋಚಿಸಿ, ಅಂದವಾಗಿ. ನನ್ನ ಅಕ್ಷರ ಚೆನ್ನಾಗಿದೆ ಎಂದು ಶಾಲೆಯಲ್ಲಿ ಮಾಸ್ತರರು ಹೊಗಳುತ್ತಿದ್ದರು.

ಇಪ್ಪತ್ತೆಂಟು ದಿನಗಳ ಮೇಲೆ ಆ ಕ್ಯೂಬ್‌ಗಳನ್ನು ಒಡೆಯುವಾಗ ಮೇಡಂ ಪಕ್ಕದಲ್ಲೇ ಇದ್ದರು. ಯಂತ್ರದ ಮುಳ್ಳು ಏರುತ್ತ ಹೋಯಿತು, ಬೇಕಾದುದಕ್ಕಿಂತ ಮೇಲೆ ಹೋಯಿತು. "ಕಾಕಾ, ನಿಮ್ಮ ಕ್ಯೂಬ್ ಅಂದ್ರ ಕ್ಯೂಬ್," ಎಂದು ನಗುತ್ತ ಸಹಿ ಮಾಡಿದರು. ನನ್ನ ಹೆದರಿಕೆ ಶುರುವಾದದ್ದು ಆ ಕ್ಷಣದಿಂದ.

ಸೇತುವೆ ಆಯಿತು. ನಾನು ನಿವೃತ್ತನಾದೆ. ಬಸ್ಸು, ಹತ್ತಿ ತುಂಬಿದ ಲಾರಿ, ಟ್ರ್ಯಾಕ್ಟರ್ ಎಲ್ಲ ಓಡಾಡಿದವು. ನಾನು ಮಾತ್ರ ಒಮ್ಮೆಯೂ ಅದರ ಮೇಲೆ ಹೋಗಲಿಲ್ಲ. ಮಗಳ ಮನೆಗೆ ಹೋಗಬೇಕಾದರೆ ಅಣ್ಣಿಗೇರಿಯ ಮೇಲೆ ಸುತ್ತಿ, ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಹೆಂಡತಿ ಬೀಗರ ಎದುರಿಗೇ ಆಡಿಕೊಂಡಳು: "ತಾನ ಕಟ್ಟಿಸಿದ ಪೂಲಿನ ಮ್ಯಾಲ ಕಾಲಿಡಾಕ ಒಲ್ಲ. ವಯಸ್ಸಾತು, ತಲಿ ಕೆಟ್ಟೈತಿ." ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಗುತ್ತದೆ ಎಂದೋ ಏನೋ ಹೇಳಿ ತಪ್ಪಿಸಿಕೊಂಡೆ.

ಬೇಸಿಗೆಯಲ್ಲಿ ಹಳ್ಳಕ್ಕಿಳಿದು ಆ ಕಂಬಕ್ಕೆ ಅಂಗೈ ಒತ್ತಿ ನಿಲ್ಲುತ್ತಿದ್ದೆ. ಲಾರಿ ಹೋದಾಗ ಸಣ್ಣಗೆ ನಡುಗುತ್ತಿತ್ತು. ಎಲ್ಲ ಕಂಬವೂ ಹಾಗೆ ನಡುಗುತ್ತದೆಂದು ನನಗೆ ಗೊತ್ತು. ಆದರೂ ಪಕ್ಕದ ಕಂಬಕ್ಕೆ ಹೋಗಿ ಕೈ ಇಡುತ್ತಿದ್ದೆ, ಮತ್ತೆ ಇಲ್ಲಿಗೆ ಬರುತ್ತಿದ್ದೆ. ನನ್ನ ಎದೆಯ ಎತ್ತರದಲ್ಲಿತ್ತು ಎರಡನೆಯ ಗಾಡಿಯ ಆ ಎರಡೂವರೆ ಅಡಿಯ ಪಟ್ಟಿ. ಹೊರಗಿನಿಂದ ಏನೂ ಕಾಣುವುದಿಲ್ಲ. ನುಣ್ಣಗೆ, ಬೂದಿಬಣ್ಣಕ್ಕೆ, ಉಳಿದ ಕಂಬದ ಹಾಗೆಯೇ ಇದೆ. ಮುಚ್ಚಿದ ಮೇಲೆ ದೇವರಿಗೂ ಕಾಣುವುದಿಲ್ಲ ಎಂಬ ಮಾತು ನೆನಪಾಗುತ್ತಿತ್ತು.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತವನು ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಒಂದು ಸಲ ಹೆಂಡತಿಯನ್ನು ಕರೆದುಕೊಂಡು ಯಮನೂರಿಗೆ ಹೋಗಿ ದರ್ಗಾದಲ್ಲಿ ಹರಕೆಯ ಸಕ್ಕರೆ ಓದಿಸಿದೆ. ಏನು ಬೇಡಿಕೊಂಡಿರಿ ಎಂದು ಅವಳು ಕೇಳಿದಾಗ ಮೊಣಕಾಲು ನೋವು ಎಂದೆ. ಅಲ್ಲಿ ಮನಸ್ಸಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡಿದ್ದೆ, ಹದಿನೆಂಟು ಕೊಡವನ್ನೂ ಬಿಡದೆ. ಅಲ್ಲಿ ಹೇಳುವುದು ಸುಲಭ. ಅಲ್ಲಿಂದ ಯಾರೂ ಸೇತುವೆ ಬಂದ್ ಮಾಡಲು ಬರುವುದಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಹಳ್ಳ ಎಂದೂ ಬರದಷ್ಟು ಬಂತು. ನಾಗರ ಪಂಚಮಿಗೆ ಮಗಳು ತವರಿಗೆ ಬರುವವಳಿದ್ದಳು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ದಂಡೆಗೆ ಹೋದೆ. ರಾಡಿ ನೀರು ನಡುವಿನ ಕಂಬದ ಎದೆ ದಾಟಿ ಹರಿಯುತ್ತಿತ್ತು. ನನ್ನ ಪಟ್ಟಿ ನೀರೊಳಗಿತ್ತು. ಮೇಲಿನಿಂದ ಒಂದು ಜಾಲಿಯ ಬೊಡ್ಡೆ ತೇಲಿ ಬಂದು ಕಂಬಕ್ಕೆ ಬಡಿಯಿತು. ಆ ಸದ್ದು ನನ್ನ ಹಲ್ಲಿನಲ್ಲಿ ಕೇಳಿಸಿತು. ಅದೇ ಹೊತ್ತಿಗೆ ಆಚೆ ತುದಿಯಲ್ಲಿ ಬಸ್ಸು ಕಾಣಿಸಿತು.

ನಾನು ಸೇತುವೆಯ ಮೇಲೆ ಓಡಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದರ ಮೇಲೆ ಕಾಲಿಟ್ಟದ್ದು. ಎರಡೂ ಕೈ ಎತ್ತಿ, "ನಿಂದರ್ರೀ! ಬರಬ್ಯಾಡ್ರಿ! ಹಿಂದಕ್ಕ ಹೋಗ್ರಿ!" ಎಂದು ಕೂಗಿದೆ. ಬಸ್ಸು ಕಿರ್ರೆಂದು ನಿಂತಿತು. ನಿಂತದ್ದು ಸರಿಯಾಗಿ ನಡುವಿನ ಕಂಬದ ಮೇಲೆ.

ಕಂಡಕ್ಟರ್ ಬಾಗಿಲಿನಿಂದ ಬಗ್ಗಿದ. "ಯಜ್ಜಾ, ಸಾಯಾಕ ನನ್ನ ಬಸ್ಸಽ ಬೇಕಾಗಿತ್ತೇನ? ಬಾಜು ಸರಿ!"

"ಪೂಲ ಗಟ್ಟಿ ಇಲ್ರಿ, ಹಿಂದಕ್ಕ ತಗೋರಿ."

"ಯಾರ ಹೇಳಿದ್ರು ನಿನಗ?"

ಕಿಟಕಿಯಲ್ಲಿ ಮಗಳ ಮುಖ. ಮಡಿಲಲ್ಲಿ ಉಂಡಿಯ ಡಬ್ಬಿ. "ಅಪ್ಪಾ, ಏನ ಹುಚ್ಚಾಟ ಇದು? ಮಂದಿ ನೋಡಾಕತ್ತಾರ," ಎಂದಳು. ಒಳಗಿದ್ದವರು ನಗುತ್ತಿದ್ದರು. ನಾನು ಹೇಳಲಿಲ್ಲ. ಅಂಥ ಹೊತ್ತಿನಲ್ಲೂ ಹೇಳಲಿಲ್ಲ. ಬದಿಗೆ ಸರಿದೆ. ಬಸ್ಸು ಹೊರಟು ಈಚೆ ದಂಡೆ ಮುಟ್ಟುವ ತನಕ ಸೇತುವೆಯ ಬದಿಯ ಕಟ್ಟೆ ಅಪ್ಪಿಕೊಂಡು ನಿಂತಿದ್ದೆ. ಆಮೇಲೆ ಅಲ್ಲೇ ಕುಳಿತು ವಾಂತಿ ಮಾಡಿಕೊಂಡೆ.

ಮಾರನೆಯ ದಿನ ಮೇಡಂ ಕೆಲಸ ಮಾಡುವ ಕಚೇರಿಗೆ ಹೋದೆ. ಈಗ ದೊಡ್ಡ ಹುದ್ದೆ, ಕನ್ನಡಕ ಬಂದಿದೆ. "ಬರ್ರಿ ಕಾಕಾ, ಎಷ್ಟ ದಿನಾ ಆತು," ಎಂದು ಎದ್ದು ನಿಂತರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು.

ಅವರು ಒಂದು ಬಿಳಿ ಹಾಳೆ ಎಳೆದುಕೊಂಡರು. "ಅಳೂದು ಆಮ್ಯಾಲ. ಮೊದಲ ಎತ್ತರ ಹೇಳ್ರಿ. ಅಡಿಪಾಯದ ಮ್ಯಾಲಿಂದ ಎಷ್ಟ ಅಡಿಗೆ?"

"ಎರಡೂವರಿ ಅಡಿಯಿಂದ ಐದರ ತನಕರಿ. ಎರಡನೇ ಗಾಡಿ ಮಾಲು."

"ಎಷ್ಟ ತಾಸಾಗಿತ್ತು?"

"ಮೂರರ ಮ್ಯಾಲರಿ."

"ನೀರು?"

"ಹದಿನೆಂಟು ಕೊಡರಿ."

"ಅಂದಾಜು ಹೇಳಬ್ಯಾಡ್ರಿ."

"ಎಣಿಸಿದ್ದೆ ಮೇಡಂ."

ಅವರ ಪೆನ್ನು ನಿಂತಿತು. "ಎಣಿಸಿದ್ರಿ," ಎಂದರು. ಆ ಒಂದು ಮಾತನ್ನು ಅವರು ಹೇಳಿದ ರೀತಿಗೆ ಆದಷ್ಟು ನೋವು ನನಗೆ ಚಪ್ಪಲಿಯಲ್ಲಿ ಹೊಡೆದಿದ್ದರೂ ಆಗುತ್ತಿರಲಿಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ, ಹೇಳಿದ್ದನ್ನೆಲ್ಲ ಸ್ವಂತ ಕೈಯಲ್ಲಿ ಬರೆದು ಸಹಿ ಮಾಡಿ ಎಂದರು. ನಾನು ಬರೆಯುತ್ತಿರುವಾಗಲೇ ಫೋನು ಮಾಡಿ ಸೇತುವೆಯ ಮೇಲೆ ಬಸ್ಸು, ಲಾರಿಯಂಥ ಭಾರದ ಗಾಡಿಗಳನ್ನು ನಿಲ್ಲಿಸಲು ಹೇಳಿದರು. ಹೊರಡುವಾಗ ಕೇಳಿದೆ, ನಿಮಗೇನಾಗುತ್ತದೆ ಎಂದು. "ಸಹಿ ನಂದೈತಿ. ಉತ್ತರಾ ನಾ ಕೊಡಬೇಕು," ಎಂದರು. ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ನೀರು ಇಳಿದ ಮೇಲೆ ಇಲಾಖೆಯ ಜನ ಬಂದು ಕಂಬಕ್ಕೆ ರಂಧ್ರ ಕೊರೆದು ಉದ್ದುದ್ದ ತುಂಡುಗಳನ್ನು ತೆಗೆದರು. ಮೇಲಿನದು ಗಟ್ಟಿ, ಕೆಳಗಿನದು ಗಟ್ಟಿ. ನಡುವಿನದು ಹೊರಗೆ ಬರುವಾಗಲೇ ಮೂರು ಕಡೆ ಮುರಿಯಿತು. ಮೈತುಂಬ ತೂತು, ಒಣಗಿದ ಜೇನುಹುಟ್ಟಿನ ಹಾಗೆ. ಬಿದ್ದೇ ಬಿಡುತ್ತಿತ್ತೇ ಎಂದು ಮೇಡಂ ಅವರನ್ನು ಕೇಳಿದೆ. "ಗೊತ್ತಿಲ್ಲ ಕಾಕಾ. ಹಿಂಗಽ ನಿಂತಿರತಿತ್ತೋ, ಮುಂದಿನ ಸಲ ಹಳ್ಳ ಬಂದ್ರ ಹೋಗತಿತ್ತೋ. ಗೊತ್ತಿಲ್ಲ ಅನ್ನೂವಂಗ ಮಾಡಿದ್ರಲ್ಲ, ಅದ ತಪ್ಪು."

ಬಸ್ಸು ನಿಂತದ್ದರಿಂದ ಎರಡೂ ಊರಿನವರು ಸಿಟ್ಟಾಗಿದ್ದರು. ಕಾರಣವೂ ಎಲ್ಲರಿಗೂ ಗೊತ್ತಾಗಿತ್ತು. ಒಂದು ಸಂಜೆ ಗೌಡರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಈಗ ಅವರಿಗೆ ಕಣ್ಣು ಮಂಜು. ಹೆಂಡತಿ ಚಹಾ ತಂದಿಟ್ಟಳು, ಮುಟ್ಟಲಿಲ್ಲ.

"ತಮ್ಮಾ, ನಾವು ಎಳದದ್ದು ತಪ್ಪೇನು?"

"ಅಲ್ರಿ ಗೌಡ್ರ. ತಪ್ಪು ನಂದು. ನೀವಷ್ಟ ಕಷ್ಟಪಟ್ಟು ಎಳದ ಮಾಲು, ಚೆಲ್ರಿ ಅನ್ನಾಕ ನನಗ ಬಾಯಿ ಬರಲಿಲ್ಲ."

ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. "ಅಂದ್ರ ನಮ್ಮನ್ನೇನ ತಿಳಕೊಂಡಿದ್ದಿ? ಹುಳುಕ ಬೀಜ ಅಂತ ಒಬ್ಬ ತಿಳದಾಂವ ಹೇಳಿದ್ರ ನಾವು ಬಿತ್ತತೀವೇನ? ನೀ ಒಂದ ಮಾತ ಅಂದಿದ್ರ, ಎಳದ ಕೈಲೆನ ಹಳ್ಳಕ್ಕ ಚೆಲ್ತಿದ್ವಲೋ. ನನ್ನ ಅವ್ವ ಒಂದ ದಿನ ಕಾದಾಳ. ನಾವು ಇನ್ನೊಂದ ದಿನಾ ಕಾಯ್ತಿರಲಿಲ್ಲೇನು?"

ಇಷ್ಟು ವರ್ಷ ನಾನು ಊರಿನವರಿಗೋಸ್ಕರ ಮಾಡಿದೆ ಎಂಬ ಒಂದು ಸಮಾಧಾನ ಒಳಗೆಲ್ಲೋ ಉಳಿದಿತ್ತು. ಅದನ್ನೂ ಗೌಡರು ತಮ್ಮ ಕೋಲಿನ ಜೊತೆ ತೆಗೆದುಕೊಂಡು ಹೋದರು.

ಈ ಬೇಸಿಗೆಯಲ್ಲಿ ಆ ಕಂಬದ ಸುತ್ತ ಹೊಸ ಸರಳು ಕಟ್ಟಿ ದಪ್ಪನೆಯ ಕಾಂಕ್ರೀಟಿನ ಕವಚ ಹಾಕಿದರು. ಮೇಡಂ ನನ್ನನ್ನು ಕರೆಯಲಿಲ್ಲ, ನಾನೇ ಹೋಗಿ ದಂಡೆಯ ಮೇಲೆ ನಿಂತೆ. ಊರಿನವರೂ ನೆರೆದಿದ್ದರು. ಮೂರನೆಯ ಗಾಡಿ ದಾರಿಯಲ್ಲಿ ಕೆಟ್ಟು ನಿಂತು ತಡವಾಗಿ ಬಂತು. ಮೇಡಂ ಚೀಟಿ ನೋಡಿದರು, ಗಡಿಯಾರ ನೋಡಿದರು. "ಚೆಲ್ಲಿಸ್ರಿ," ಎಂದರು.

ಎಲ್ಲರ ಕಡೆ ನೋಡಿದೆ. ಯಾರೂ ಕೂಗಲಿಲ್ಲ. ಒಬ್ಬ ಬೀಡಿ ಹಚ್ಚಿದ. ಮಂಜುಗಣ್ಣಿನ ಗೌಡರು ಏನಾಯಿತೆಂದು ಪಕ್ಕದವನನ್ನು ಕೇಳಿ, ತಿಳಿದ ಮೇಲೆ, ಡ್ರೈವರನ ಕಡೆ ಕೋಲು ಬೀಸಿ ಕೂಗಿದರು: "ಏ, ನನ್ನ ಹೊಲದಾಗ ಚೆಲ್ಲಬ್ಯಾಡ ಮತ್ತ! ದಾರಿ ಬಾಜುಕ ಚೆಲ್ಲು!" ಜನ ನಕ್ಕರು. ಗಾಡಿ ಹಿಂದಕ್ಕೆ ಹೋಗಿ ದಾರಿಯ ಪಕ್ಕದ ತಗ್ಗಿನಲ್ಲಿ ಮಾಲು ಸುರಿದು ಹೊರಟಿತು. ಮುಗಿಯಿತು. ಒಂದು ಮಾತು, ಅರ್ಧ ನಿಮಿಷ. ಅಷ್ಟನ್ನು ಹೇಳಲಾಗದೆ ನಾನು ಇಷ್ಟು ವರ್ಷ ಸತ್ತು ಬದುಕಿದೆ.

ಮೇಡಂ ಅವರ ಮೇಲಿನ ವಿಚಾರಣೆ ಇನ್ನೂ ಮುಗಿದಿಲ್ಲ. ನನಗೂ ನೋಟಿಸು ಬಂದಿದೆ. ಅಂಚೆಯವನ ಸೈಕಲ್ಲಿನ ಸದ್ದಾದರೆ ಎದ್ದು ಬಾಗಿಲಿಗೆ ಹೋಗುತ್ತೇನೆ. ಏನು ಕೊಟ್ಟರೂ ತೆಗೆದುಕೊಳ್ಳುತ್ತೇನೆ; ಅವರಿಗೆ ಏನೂ ಆಗದಿರಲಿ ಎಂದು ದಿನಾ ಬೇಡುತ್ತೇನೆ. ಬೇಡಿದರೆ ಆಗುವುದಿಲ್ಲ ಎಂಬುದೂ ಗೊತ್ತಿರುವುದರಿಂದ, ಕೇಳಿದ ಕಡೆಯೆಲ್ಲ ಹೋಗಿ ಅದೇ ಮಾತನ್ನು ಹೇಳಿ ಬರುತ್ತಿದ್ದೇನೆ: ಕ್ಯೂಬ್ ಬದಲಿಸಿದವನು ನಾನು, ಅವರಿಗೆ ಗೊತ್ತಿರಲಿಲ್ಲ.

ಅಂದು ಚೆಲ್ಲಿದ ಮಾಲು ದಾರಿಯ ಪಕ್ಕದಲ್ಲಿ ಹಾಗೇ ಗಟ್ಟಿಯಾಗಿದೆ, ಕುಳಿತ ಎಮ್ಮೆಯ ಹಾಗೆ. ಬಸ್ಸು ಮತ್ತೆ ಶುರುವಾಗಿದೆ. ಕಾಯುವವರು ಅದರ ಮೇಲೆ ಕೂರುತ್ತಾರೆ. ಮಗಳ ಮನೆಗೆ ಹೋಗುವಾಗ ನಾನೂ ಅಲ್ಲೇ ಕೂರುತ್ತೇನೆ. ಅಂಗೈ ತಾನಾಗಿ ಅದರ ಮೇಲೆ ಹೋಗುತ್ತದೆ. ಬಿಸಿಲಿಗೆ ಬೆಚ್ಚಗಿರುತ್ತದೆ, ನಡುಗುವುದಿಲ್ಲ. ಬಸ್ಸು ಬಂದಾಗ ಎದ್ದು ಹತ್ತುತ್ತೇನೆ, ನಡುವಿನ ಕಂಬ ದಾಟುವ ತನಕ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿರುತ್ತೇನೆ.